ಗ್ಯಾರಂಟಿಗೆ ಕರ್ಪೂರದಾರತಿ

ಅನ್ಯರ ಕಾಗದಪತ್ರ ಓದಿ ಹೊಟ್ಟೆ ಹೊರೆಯುವವನು ನಾನು. ಪುತ್ತೂರಿನ ಮುನ್ಸೀಫ್ ಕೋರ್ಟಿನಲ್ಲಿ ವಕೀಲಿ ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಗೇಣಿಚೀಟು, ಅಡವುಪತ್ರ, ಪಾಲುಪಟ್ಟಿ, ಮರಣಶಾಸನ ಎಂದು ಯಾವ ಕಾಗದ ಬಂದರೂ ಅದರ ಸಂದುಗೊಂದುಗಳಲ್ಲಿ ಯಾರು ಯಾರನ್ನು ಮುಳುಗಿಸಲು ಹೊರಟಿದ್ದಾರೆಂದು ಪತ್ತೆ ಮಾಡುವುದೇ ನನ್ನ ಕಸುಬು. ಇಂಥ ನಾನು, ನನ್ನ ಜೀವಮಾನದ ಅತಿ ದುಬಾರಿ ಕಾಗದಕ್ಕೆ ಓದದೆಯೇ ಸಹಿ ಹಾಕಿದೆ. ಒಂದಲ್ಲ, ಎರಡು ಕಾಗದ. ನನ್ನ ಕಕ್ಷಿದಾರರಲ್ಲಿ ಯಾರಾದರೂ ನಿಮ್ಮ ಪಕ್ಕದಲ್ಲಿ ಕುಳಿತಿದ್ದರೆ ದಯವಿಟ್ಟು ಇದನ್ನು ಗಟ್ಟಿಯಾಗಿ ಓದಬೇಡಿ.

ಈ ಗುಟ್ಟು ಈಗ ಹೊರಬೀಳಲು ಸುಳ್ಯದ ಒಬ್ಬ ಡಾಕ್ಟರು ಕಾರಣ. ಕಳೆದ ವಾರ ಅವರು ನನ್ನ ಆಫೀಸಿಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು ಕಾರಿನ ಸುದ್ದಿ ತೆಗೆದರು. ಮಂಗಳೂರಿನಲ್ಲಿ ಒಂದು ಹಳೆಯ ಕಾರು ಕಂತಿಗೆ ಸಿಗುತ್ತದಂತೆ. ನೋಡಲು ಬಹಳ ಚೆಂದವಂತೆ. ಆ ಮಾಡೆಲಿನ ಬಗ್ಗೆ ನಾಲ್ಕು ಜನ ನಾಲ್ಕು ಬಗೆಯಾಗಿ ಹೇಳುತ್ತಾರಂತೆ, ಆದರೆ ಆ ನಾಲ್ಕರಲ್ಲಿ ಒಂದೂ ಒಳ್ಳೆಯ ಮಾತಲ್ಲವಂತೆ. "ಆದ್ರೆ ಡೀಲರು ಒಂದು ವರ್ಷ ಗ್ಯಾರಂಟಿ ಕೊಡ್ತಾನೆ ವಕೀಲ್ರೆ. ಮತ್ತೆ ಸಾಲ ಮಾಡಿ ತೆಗೊಳ್ಳುದರಲ್ಲಿ ತೊಂದರೆ ಎಂತ ಉಂಟು?" ಎಂದು ಕೇಳಿದರು. ನಾನು ಮೇಜಿನ ಖಾನೆ ಎಳೆದು, ಕೆಂಪು ಅರಗಿನ ಒಂದು ತುಂಡನ್ನು ಅವರ ಮುಂದಿಟ್ಟೆ. ಅವರು ಅದನ್ನು ಮೂಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ನಾಡಿ ಹಿಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಂತೆ ಕಂಡಿತು. ಕೊನೆಗೆ ಗಡಿಯಾರ ನೋಡಿ ಎದ್ದು ಹೋದರು. ಫೀಸು ಕೊಡಲಿಲ್ಲ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಹೇಗೂ ನೀವೂ ಫೀಸು ಕೊಡುವವರಲ್ಲ.

ಆಗ ರಾಜ್ಯಗಳ ವಿಂಗಡಣೆಯಲ್ಲಿ ನಾವು ಮದರಾಸಿನವರಾಗಿದ್ದದ್ದು ತಪ್ಪಿ ಮೈಸೂರಿನವರಾಗಿ ಒಂದೆರಡು ವರ್ಷ ಆಗಿತ್ತಷ್ಟೆ. ಆವರೆಗೆ ನಾನು ಕೋರ್ಟಿಗೆ ನಡೆದೇ ಹೋಗುತ್ತಿದ್ದೆ, ನನ್ನ ವಾದಗಳಿಗೆ ಅದರಿಂದ ಯಾವ ಊನವೂ ಆದದ್ದಿಲ್ಲ. ಅಷ್ಟರಲ್ಲಿ ನನ್ನ ಎದುರು ಪಕ್ಷದಲ್ಲಿ ಯಾವಾಗಲೂ ನಿಲ್ಲುವ ವಕೀಲರು ಒಂದು ಕಾರು ಕೊಂಡರು. ಅಂದಿನಿಂದ ಮುನ್ಸೀಫರು ಅವರ ಮಾತಿಗೆ ಹೆಚ್ಚು ತಲೆದೂಗುತ್ತಾರೆಂದು ನನಗೆ ಅನಿಸತೊಡಗಿತು. ಅವರು ಕೇಸು ಗೆದ್ದದ್ದು ಕಾನೂನು ಅವರ ಕಡೆ ಇದ್ದದ್ದರಿಂದ ಎಂದು ಹೆಂಡತಿ ಸಾವಿತ್ರಿ ಹೇಳಿದಳು. ಹೆಂಗಸರಿಗೆ ಕಾನೂನು ಗೊತ್ತಾಗುವುದಿಲ್ಲ ಎಂದು ನಾನು ಅವಳಿಗೆ ತಿಳಿಸಿದೆ. ಮರುವಾರವೇ ಮಂಗಳೂರಿನ ಬಸ್ಸು ಹತ್ತಿದೆ.

ಆ ಅಂಗಡಿಗೆ ಎರಡು ಬಾಗಿಲು. ಬಲಗಡೆಯ ಬಾಗಿಲಲ್ಲಿ ಕಾರು ಮಾರುತ್ತಿದ್ದರು, ಎಡಗಡೆಯ ಬಾಗಿಲಲ್ಲಿ ಕಾರಿಗೆ ಸಾಲ ಕೊಡುತ್ತಿದ್ದರು. ಒಳಗೆ ಇಬ್ಬರಿಗೂ ಒಬ್ಬನೇ ಜವಾನ ಚಾ ತಂದುಕೊಡುತ್ತಿದ್ದ. ಮಂಗಳೂರಿನ ಸೆಕೆಯಲ್ಲೂ ಕೋಟು ಬಿಚ್ಚದ ಮ್ಯಾನೇಜರು ನನಗೆ ಒಂದು ಕಾರು ತೋರಿಸಿದರು. ಕೊಡಗಿನ ಕಾಫಿತೋಟದ ಇಂಗ್ಲಿಷ್ ದೊರೆಯೊಬ್ಬ ಸ್ವದೇಶಕ್ಕೆ ಮರಳುವಾಗ ಬಿಟ್ಟುಹೋದದ್ದಂತೆ. ತನ್ನ ಎರಡು ನಾಯಿಗಳನ್ನು ಹಡಗಿನಲ್ಲಿ ಒಯ್ದ ಆ ಪುಣ್ಯಾತ್ಮ ಈ ಕಾರನ್ನು ಮಾತ್ರ ಯಾಕೆ ಬಿಟ್ಟ ಎಂಬ ಪ್ರಶ್ನೆ ಯಾವ ಮಂದಬುದ್ಧಿಗೂ ಹೊಳೆಯಬೇಕು. ಪಾಟಿಸವಾಲಿಗೆ ಹೆಸರಾದ ನನಗೆ ಹೊಳೆಯಲಿಲ್ಲ. "ಇಂಥ ಗಾಡಿಗೆ ನಾವು ಬರವಣಿಗೆಯಲ್ಲೇ ಒಂದು ವರ್ಷ ಗ್ಯಾರಂಟಿ ಕೊಡ್ತೇವೆ" ಎಂದು ಮ್ಯಾನೇಜರು ಹೇಳಿದಾಗ, ಬರವಣಿಗೆ ಎಂಬ ಶಬ್ದಕ್ಕೇ ನಾನು ಸೋತುಹೋದೆ. ಬರೆದದ್ದೆಲ್ಲ ಸತ್ಯ ಎಂದು ನಂಬುವ ರೋಗ ಹಳ್ಳಿಗರಿಗಿಂತ ವಕೀಲರಿಗೆ ಹೆಚ್ಚು.

ನೋಡಿ, ಇದೇ ನಾನು ಅದಕ್ಕೆ ಹಿಂದಿನ ವರ್ಷ ಕುಲ್ಕುಂದದ ದನದ ಸಂತೆಯಲ್ಲಿ ಒಂದು ಎಮ್ಮೆ ಕೊಂಡಿದ್ದೆ. ಅದರ ಬಾಯಿ ಬಿಡಿಸಿ ಹಲ್ಲು ಎಣಿಸಿದ್ದೆ. ಸುಳಿ ನೋಡಿದ್ದೆ, ಬಾಲ ಎತ್ತಿ ನೋಡಿದ್ದೆ, ಮೂರು ಸಲ ಸುತ್ತು ಬಂದು, ನಾಲ್ಕು ಹೆಜ್ಜೆ ನಡೆಸಿ, ಒಂದು ಹೊತ್ತು ನಾನೇ ಎದುರು ನಿಂತು ಹಾಲು ಕರೆಯಿಸಿ, ಆಮೇಲೂ ಎಂಟು ದಿನ ಮನೆಯಲ್ಲಿಟ್ಟುಕೊಂಡು ನೋಡುತ್ತೇನೆ ಎಂದು ಹಟ ಹಿಡಿದಿದ್ದೆ. ಮಾರಿದವನ ಹತ್ತಿರ ಬರೆದುಕೊಡಲು ಕಾಗದವಿರಲಿಲ್ಲವಲ್ಲ! ಎಮ್ಮೆಯ ಹತ್ತರಷ್ಟು ಬೆಲೆಯ ಕಾರಿಗೆ ಸುತ್ತು ಬರುವುದಿರಲಿ, ಹತ್ತು ಮೈಲಿ ಓಡಿಸಿ ನೋಡುತ್ತೇನೆಂದು ಕೂಡ ನಾನು ಕೇಳಲಿಲ್ಲ. ಗ್ಯಾರಂಟಿ ಇರುವ ವಸ್ತುವನ್ನು ಪರೀಕ್ಷೆ ಮಾಡುವುದು ಮ್ಯಾನೇಜರರ ಮರ್ಯಾದೆಗೆ ಕುಂದು ಎಂದು ನನಗೆ ಸಂಕೋಚವಾಯಿತು.

ಎಡಗಡೆಯ ಬಾಗಿಲಿನವರು ಸಾಲಕ್ಕೆ ಜಾಮೀನು ಕೇಳಿದರು. ವಕೀಲನ ಮಾತು ಸಾಲದೇ ಎಂದೆ. ಸಾಲದು ಎಂದರು. ಆಗ ನನಗೆ ನೆನಪಾದದ್ದು ಸವಣೂರಿನ ಮಮ್ಮುಂಞಿ ಬ್ಯಾರಿ.

ಮಮ್ಮುಂಞಿ ಸವಣೂರು ಪೇಟೆಯಲ್ಲಿ ಮರದ ವ್ಯಾಪಾರ ಮಾಡಿಕೊಂಡಿದ್ದವರು. ಅವರ ಆಸ್ತಿ ಎಂದರೆ ಒಂದು ಹಳೆಯ ಲಾರಿ. ಅದು ಯುದ್ಧಕಾಲದ್ದು. ಅದರ ಒಳಗಿನ ಒಂದೊಂದು ನಟ್ಟನ್ನೂ ಅವರು ಕೈಯಾರೆ ಬಿಚ್ಚಿ ಹಾಕಿದವರು. ಕೊಲ್ಲಮೊಗ್ರಿನ ಕಾಡಂಚಿನಿಂದ ದಿಮ್ಮಿ ಹೇರಿಕೊಂಡು ಬರುವಾಗ ಲಾರಿ ನಿಂತರೆ ಯಾವ ಗ್ಯಾರಂಟಿಯೂ ಅಲ್ಲಿಗೆ ಬರುವುದಿಲ್ಲವಾದ್ದರಿಂದ ಅವರು ರಿಪೇರಿ ಕಲಿತರು. ಒಂದು ಗಡಿತಕರಾರಿನಲ್ಲಿ ನಾನು ಅವರ ವಕೀಲನಾಗಿದ್ದೆ. ಕೇಸು ಸೋತಿತು, ಸ್ನೇಹ ಉಳಿಯಿತು. ಕಾರಿನ ಹೆಸರು ಹೇಳಿದ ಕೂಡಲೇ ಅವರು ಬೀಡಿ ಬಾಯಿಂದ ತೆಗೆದರು.

"ಆ ಮಾಡೆಲ್ ಬೇಡ ವಕೀಲ್ರೆ. ಬಿಸಿ ಆದ್ರೆ ನಿಲ್ತದೆ."

"ಒಂದು ವರ್ಷದ ಗ್ಯಾರಂಟಿ ಉಂಟು ಸಾಹೇಬ್ರೆ."

"ಅದನ್ನೇ ನಾನು ಹೇಳುದು ಮಾರಾಯ್ರೆ. ನಿಲ್ಲದ ಗಾಡಿಗೆ ಗ್ಯಾರಂಟಿ ಯಾಕೆ ಕೊಡುದು?"

ಇದು ಪ್ರಪಂಚದ ಯಾವ ಕೋರ್ಟಿನಲ್ಲೂ ಗೆಲ್ಲುವ ವಾದ. ನಾನು ಮಾತ್ರ, ವ್ಯಾಪಾರದ ಹೊಸ ಪದ್ಧತಿಗಳು ನಿಮಗೆ ಗೊತ್ತಿಲ್ಲ ಎಂದು ನಕ್ಕೆ. ಅವರು ಅಂಗಿ ಬದಲಿಸಿ ನನ್ನ ಜೊತೆ ಬಸ್ಸಿಗೆ ಬಂದರು. ಎಡಬಾಗಿಲಿನ ಮೇಜಿನ ಮೇಲೆ ಇಂಗ್ಲಿಷಿನ ನಾಲ್ಕು ಪುಟದ ಕಾಗದ ಹರಡಿದಾಗ ಅವರು ನನ್ನ ಕಡೆ ತಿರುಗಿ, "ಇದರಲ್ಲಿ ಎಂತ ಬರ್ದದ್ದು ಉಂಟು ವಕೀಲ್ರೆ?" ಎಂದು ಕೇಳಿದರು. ನಾನು, "ಎಂತದೂ ಇಲ್ಲ, ಮಾಮೂಲಿ ಕಾಗದ" ಎಂದೆ. ಓದಿ ಹೇಳಿದ ಮಾತಲ್ಲ. ನಾನು ಅದನ್ನು ಓದಿರಲೇ ಇಲ್ಲ, ಬಲಬಾಗಿಲಿನ ಗ್ಯಾರಂಟಿಯ ಹಾಗೆಯೇ ಓದದೆ ಸಹಿ ಹಾಕಿದ್ದೆ. ಮಮ್ಮುಂಞಿ ತಮ್ಮ ಹೆಸರನ್ನು ಕನ್ನಡದಲ್ಲಿ ನಿಧಾನವಾಗಿ, ಮರ ಕೊಯ್ಯುವವರ ಹಾಗೆ ಉಸಿರು ಬಿಗಿಹಿಡಿದು ಬರೆದರು. ನಮ್ಮ ವರ್ಣಮಾಲೆಯಲ್ಲಿ ಞ ಎಂಬ ಅಕ್ಷರಕ್ಕೆ ಅವರ ಸಹಿ ಬಿಟ್ಟರೆ ಬೇರೆ ಕೆಲಸವಿದ್ದಂತೆ ನನಗೆ ಕಾಣುವುದಿಲ್ಲ. ಆ ಅಕ್ಷರದ ಬಾಲ ಪೂರ್ತಿಯಾದ ಮೇಲೆ ಕಾರು ನನ್ನದಾಯಿತು. ಸರಿಯಾಗಿ ಹೇಳಬೇಕಾದರೆ ಕಾರು ಕಂಪೆನಿಯದ್ದೇ ಆಗಿ ಉಳಿದು, ಅದರ ತಾಪತ್ರಯ ಮಾತ್ರ ನನ್ನದಾಯಿತು.

ಮೊದಲ ದಿನವೇ ಅದು ಪಾಣೆಮಂಗಳೂರು ಸೇತುವೆಯ ನಟ್ಟನಡುವೆ ನಿಂತಿತು. ಕೆಳಗೆ ನೇತ್ರಾವತಿ, ಹಿಂದೆ ಮೂರು ಬಸ್ಸು, ಮುಂದೆ ನನ್ನ ಭವಿಷ್ಯ. ಮಮ್ಮುಂಞಿ ಬಾನೆಟ್ಟು ಎತ್ತಿ ನೋಡಿ, "ಪೆಟ್ರೋಲ್ ಪೈಪು ಹೊಗೆ ಹೋಗುವ ಕೊಳವೆಗೆ ತಾಗಿಕೊಂಡು ಉಂಟು. ಬಿಸಿಗೆ ಪೈಪಿನೊಳಗೆ ಪೆಟ್ರೋಲ್ ಆವಿ ಆಗ್ತದೆ. ಹತ್ತು ನಿಮಿಷದ ಕೆಲಸ" ಎಂದು ಸ್ಪ್ಯಾನರಿಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದೆ. ಯಾಕೆಂದರೆ ಪೈಪಿನ ಬೋಲ್ಟಿನಿಂದ ಎಂಜಿನಿನ ಬೋಲ್ಟಿಗೆ ಒಂದು ತಂತಿ ಕಟ್ಟಿ, ಅದರ ಗಂಟಿನ ಮೇಲೆ ಕೆಂಪು ಅರಗು ಹಾಕಿ, ಕಂಪೆನಿಯ ಮುದ್ರೆ ಒತ್ತಿದ್ದರು. ಆ ಸೀಲು ಒಡೆದರೆ ಗ್ಯಾರಂಟಿ ಹೋಯಿತು ಎಂದು ಮ್ಯಾನೇಜರು ಎರಡು ಸಲ ಹೇಳಿದ್ದರು. ನಾವು ಅರ್ಧ ಗಂಟೆ ಸೇತುವೆಯ ಕಟ್ಟೆಗೆ ಒರಗಿ ಗಾಳಿ ತೆಗೆದುಕೊಂಡೆವು. ಎಂಜಿನು ತಣಿದ ಮೇಲೆ ಕಾರು ಏನೂ ಆಗದಂತೆ ಹೊರಟಿತು.

ಆ ರಾತ್ರಿ ಮೊದಲ ಬಾರಿಗೆ ಗ್ಯಾರಂಟಿಯನ್ನು ಓದಿದೆ. ಟಯರು, ಟ್ಯೂಬು, ಬ್ಯಾಟರಿ, ಬಲ್ಬು, ಸ್ಪ್ರಿಂಗು, ರಬ್ಬರಿನ ಯಾವುದೇ ವಸ್ತು ಇದಕ್ಕೆ ಸೇರಿದ್ದಲ್ಲ. ಸವೆಯುವ ಭಾಗಗಳು ಸವೆದರೆ ಸೇರಿದ್ದಲ್ಲ. ಡಾಂಬರಿಲ್ಲದ ರಸ್ತೆಯಲ್ಲಿ ಓಡಿಸಬಾರದು. ಅಂದರೆ ನನ್ನ ಮನೆಯಿಂದ ಹೊರಡಬಾರದು. ನೀರಿನ ಮೇಲೆ ಸಾಗಿಸಬಾರದು. ಕಡಬದ ಕಡೆಯ ಕಕ್ಷಿದಾರರನ್ನು ನೋಡಲು ಹೊಳೆ ದಾಟಬೇಕಾದರೆ ಎರಡು ದೋಣಿ ಜೋಡಿಸಿದ ಜಂಗಲ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಹೊರಗಿನವರು ಎಂಜಿನು ಮುಟ್ಟಬಾರದು, ಹೊರಗಿನ ಯಾವ ವಸ್ತುವನ್ನೂ ಅದಕ್ಕೆ ಸೇರಿಸಬಾರದು. ಎಲ್ಲ ಕಳೆದು ನೋಡಿದರೆ ಸಿಗರೇಟಿನ ಬೂದಿ ಹಾಕುವ ಡಬ್ಬಿಗೆ ಮಾತ್ರ ಭದ್ರವಾದ ಗ್ಯಾರಂಟಿ ಇತ್ತು. ನಾನು ಸಿಗರೇಟು ಸೇದುವವನಲ್ಲ. ಆದರೂ ಸಾವಿತ್ರಿ ಕೇಳಿದಾಗ, "ಬಹಳ ಗಟ್ಟಿ ಕಾಗದ" ಎಂದೆ. ಅವಳು ಅದನ್ನು ಮುಟ್ಟಿ ನೋಡಿ, "ಹೌದು, ಗಟ್ಟಿ ಉಂಟು" ಎಂದಳು.

ಮುಂದಿನ ಎರಡು ತಿಂಗಳು ಕಾರು ಹತ್ತು ಹದಿನೈದು ಮೈಲಿಗೊಮ್ಮೆ ವಿಶ್ರಾಂತಿ ತೆಗೆದುಕೊಂಡಿತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದಕ್ಕೆ ಎಂಥ ಗಾಢ ನಿದ್ರೆ ಎಂದರೆ ಎರಡು ಗಂಟೆಯಾದರೂ ಎಚ್ಚರವಾಗುತ್ತಿರಲಿಲ್ಲ. ಆಲೆಟ್ಟಿಯಲ್ಲಿ ಬೆಳ್ಯಪ್ಪ ಗೌಡರ ಜಮೀನಿನ ಅಳತೆಗೆ ಹೋದ ದಿನ ಅವರ ಮನೆಯ ಕೆಳಗಿನ ಏರಿನಲ್ಲಿ ನಿಂತುಬಿಟ್ಟಿತು. ಗೌಡರು ಉಳುಮೆಯ ಕೋಣಗಳನ್ನು ಬಿಚ್ಚಿ ತಂದು ಕಾರಿಗೆ ಕಟ್ಟಿಸಿದರು. ಎದುರು ಪಕ್ಷದವರು ಬೇಲಿಯ ಮೇಲೆ ಸಾಲಾಗಿ ಕುಳಿತು ನೋಡುತ್ತಿದ್ದರು. ನಾನು ಒಳಗೆ ಕುಳಿತು, ಕರಿಕೋಟು ತೊಟ್ಟುಕೊಂಡು, ಗಂಭೀರವಾಗಿ ಸ್ಟೇರಿಂಗು ತಿರುಗಿಸುತ್ತಿದ್ದೆ. ಗೌಡರು ಪಕ್ಕದಲ್ಲಿ ನಡೆಯುತ್ತ, "ಅಲ್ಲ ವಕೀಲ್ರೆ, ಇದರ ಮೇವಿನ ದುಡ್ಡು ಪೆಟ್ರೋಲ್ ಪಂಪಿನವನಿಗೆ, ಎಳೆಯುವ ಕೆಲಸ ಮಾತ್ರ ನನ್ನ ಕೋಣಗಳಿಗೆ. ಇದು ಯಾವ ಸೀಮೆ ನ್ಯಾಯ?" ಎಂದು ಕೇಳಿದರು. ಅಂದಿನ ಅಳತೆಯಲ್ಲಿ ಅವರಿಗೆ ನಾಲ್ಕು ಸೆಂಟ್ಸು ಜಾಗ ಕಡಿಮೆ ಬಂತು. ಅದಕ್ಕೂ ಕಾರೇ ಕಾರಣ ಎಂದು ಅವರು ಇಂದಿಗೂ ನಂಬಿದ್ದಾರೆ.

ಹೀಗೆ ನಿಂತಾಗಲೆಲ್ಲ ಗ್ಯಾರಂಟಿಯ ಪ್ರಕಾರ ಅದನ್ನು ಮಂಗಳೂರಿಗೇ ಒಯ್ಯಬೇಕು. ನಾಲ್ಕು ಸಲ ಮಮ್ಮುಂಞಿ ದಿಮ್ಮಿ ತುಂಬಿದ ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಹತ್ತು ನಿಮಿಷದಲ್ಲಿ ಸರಿಮಾಡಬಲ್ಲ ಮನುಷ್ಯ ಮೂವತ್ತು ಮೈಲಿ ಎಳೆಯುವುದು, ಸರಿಮಾಡಬಾರದೆಂದು ಕಾಯುವ ಮನುಷ್ಯ ಹಿಂದೆ ಬ್ರೇಕು ಒತ್ತುತ್ತ ಕೂರುವುದು. ನಾಗರಿಕತೆ ಎಷ್ಟು ಮುಂದುವರಿದಿದೆ ಎಂದು ನನಗೆ ಅಲ್ಲಿ ತಿಳಿಯಿತು. ಅಷ್ಟು ದೂರ ಗಾಳಿಗೆ ಮೈಯೊಡ್ಡಿ ಬಂದ ಎಂಜಿನು ಮಂಗಳೂರು ಮುಟ್ಟುವಾಗ ತಣ್ಣಗಾಗಿ, ಮ್ಯಾನೇಜರು ಗುಂಡಿ ಒತ್ತಿದ ಕೂಡಲೇ ಹಾಡುತ್ತಿತ್ತು. "ಗಾಡಿಯಲ್ಲಿ ಯಾವ ದೋಷವೂ ಇಲ್ಲವಲ್ಲ" ಎಂದು ಅವರು ನಾಲ್ಕು ಸಲವೂ ಬರೆದುಕೊಟ್ಟರು. ನಾಲ್ಕು ಕಾಗದಗಳನ್ನೂ ನಾನು ಫೈಲು ಮಾಡಿದೆ.

ಗ್ಯಾರಂಟಿ ಎಂಬುದು ಹೊಸದೇನೂ ಅಲ್ಲ ಎಂದು ನಾನು ಆ ದಿನಗಳಲ್ಲಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮದುವೆಗೆ ಮೊದಲು ಜೋಯಿಸರು ಜಾತಕ ನೋಡಿ ಇಷ್ಟು ಕೂಟ ಕೂಡಿಬರುತ್ತದೆ ಎಂದು ಬರೆದುಕೊಡುವುದು ಮತ್ತೇನು? ಆಮೇಲೆ ಗಂಡಹೆಂಡಿರು ಜಗಳವಾಡಿದರೆ ಜೋಯಿಸರು ನಾವು ಕೊಟ್ಟ ಜನನಕಾಲ ತಪ್ಪೆನ್ನುತ್ತಾರೆ, ನಮ್ಮ ಪ್ರಾರಬ್ಧವೆನ್ನುತ್ತಾರೆ, ದಕ್ಷಿಣೆ ಮಾತ್ರ ಹಿಂದೆ ಕೊಡುವುದಿಲ್ಲ. ಈ ತತ್ತ್ವವನ್ನು ಸಾವಿತ್ರಿಗೆ ವಿವರಿಸಿದಾಗ ಅವಳು, "ನಮ್ಮದು ಮೂವತ್ತೆರಡು ಕೂಟ ಬಂದದ್ದು. ಅದೂ ಬಿಸಿ ಆದಾಗ ನಿಲ್ತದೆ" ಎಂದು ಹೇಳಿ ಒಳಗೆ ಹೋದಳು.

ಮಳೆಗಾಲದಲ್ಲಿ ಒಂದು ಪವಾಡ ನಡೆಯಿತು. ಜಡಿಮಳೆಯ ಆಟಿ ತಿಂಗಳು ಪೂರ್ತಿ ಕಾರು ಒಮ್ಮೆಯೂ ನಿಲ್ಲಲಿಲ್ಲ. ಬಾನೆಟ್ಟಿನ ಮೇಲೆ ದಿನವಿಡೀ ನೀರು ಸುರಿಯುತ್ತಿದ್ದದ್ದೇ ಕಾರಣ ಎಂದು ಮಮ್ಮುಂಞಿ ಹೇಳಿದರೂ ನಾನು ಒಪ್ಪಲಿಲ್ಲ. ನಾನು ಮಂಗಳೂರಿನಲ್ಲಿ ಸಲಸಲವೂ ಕೊಟ್ಟ ನಾಲ್ಕು ದೂರರ್ಜಿಗಳಿಗೆ ಹೆದರಿ ಅದು ಸರಿಹೋಯಿತೆಂದು ಬಾರ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ನವರಾತ್ರಿ ಬಂತು. ಆಯುಧಪೂಜೆಗೆ ಕಾರು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಕರ್ಪೂರ ಹಚ್ಚುವಾಗ ಸಾವಿತ್ರಿ ನ್ಯಾಯವಾದ ಒಂದು ಪ್ರಶ್ನೆ ಎತ್ತಿದಳು. "ನಿಲ್ಲುದು ಒಳಗಿನದ್ದು. ಹೊರಗಿನ ತಗಡಿಗೆ ಆರತಿ ಮಾಡಿ ಎಂತ ಪ್ರಯೋಜನ?"

ನನಗೆ ಸರಿ ಕಂಡಿತು. ಬಾನೆಟ್ಟು ಎತ್ತಿದೆ. ನಮ್ಮ ಕಾಗದದ ಜೀವ ಇರುವುದು ಆ ಅರಗಿನ ಸೀಲಿನಲ್ಲಲ್ಲವೇ ಎಂದು ಅದಕ್ಕೇ ಗಂಧ, ಕುಂಕುಮ, ಅಕ್ಷತೆ ಇಟ್ಟು, ಭಕ್ತಿಯಿಂದ ಕಣ್ಣು ಮುಚ್ಚಿ, ಆರತಿ ತಟ್ಟೆಯನ್ನು ಆದಷ್ಟು ಹತ್ತಿರ ಹಿಡಿದೆ. ಅದೇ ಹೊತ್ತಿಗೆ ಮಮ್ಮುಂಞಿ ಅಂಗಳಕ್ಕೆ ಬಂದರು. ಅವರ ಲಾರಿಗೆ ಡ್ರೈವರು ಮಾಡಿದ ಪೂಜೆಯ ಅವಲಕ್ಕಿ ಪ್ರಸಾದವನ್ನು ಪ್ರತಿವರ್ಷ ಅವರೇ ನಮಗೆ ತಂದುಕೊಡುವುದು ವಾಡಿಕೆ. ಬಂದವರು ಬಾಳೆಲೆಯ ಪೊಟ್ಟಣ ಅಲ್ಲೇ ಬಿಟ್ಟು ಕೂಗಿದರು. "ವಕೀಲ್ರೆ! ಅಲ್ಲಿ ಪೆಟ್ರೋಲ್ ಉಂಟು ಮಾರಾಯ್ರೆ!"

ಬೆಚ್ಚಿ ಕಣ್ಣು ಬಿಟ್ಟೆ. ಪೆಟ್ರೋಲಿಗೆ ಬೆಂಕಿ ಹಿಡಿದಿರಲಿಲ್ಲ, ದೇವರು ದೊಡ್ಡವನು. ಆದರೆ ಅರಗು ಕರಗಿ, ಕಂಪೆನಿಯ ಮುದ್ರೆ ಅಳಿಸಿ, ಕುಂಕುಮದೊಡನೆ ಬೆರೆತು ತಂತಿಯಿಂದ ತೊಟ್ಟಿಕ್ಕುತ್ತಿತ್ತು. ಒಂದು ತುಂಡು ನನ್ನ ಅಂಗೈಗೆ ಬಿದ್ದು ಅಲ್ಲೇ ಗಟ್ಟಿಯಾಯಿತು. ಡಾಕ್ಟರು ಮೂಸಿದ್ದು ಅದನ್ನೇ.

ಮುಂದಿನ ವಾರ ಬಿಸಿಲು ಬಂತು, ಕಾರು ನಿಂತಿತು, ಐದನೆಯ ಸಲ ಮಂಗಳೂರಿಗೆ ಹೋದೆವು. ಮ್ಯಾನೇಜರು ಬಗ್ಗಿ ನೋಡಿ ಸೀಲು ಎಲ್ಲಿ ಎಂದರು. ಎಂಜಿನಿನ ಬಿಸಿಗೆ ಕರಗಿರಬೇಕು ಎಂದು ನಾನು ವಾದ ಹೂಡಿದೆ. "ನಮ್ಮ ಅರಗು ಎಂಜಿನಿನ ಬಿಸಿಗೆ ಕರಗುದಲ್ಲ ಸ್ವಾಮಿ. ಮತ್ತೆ ಈ ಎಂಜಿನು ಬಿಸಿಯಾದದ್ದಕ್ಕೆ ನಮ್ಮಲ್ಲಿ ದಾಖಲೆಯೇ ಇಲ್ಲ" ಎಂದು ಅವರು ತಾವೇ ಬರೆದ ನಾಲ್ಕು ಕಾಗದಗಳನ್ನು ತೋರಿಸಿದರು. ಆಮೇಲೆ ಮೂಗು ಅರಳಿಸಿ, ಬೋಲ್ಟಿನ ಸಂದಿಯಿಂದ ಕೆಂಪಾದ ಒಂದು ಅಕ್ಕಿಕಾಳನ್ನು ಚಿಮಟದಲ್ಲಿ ಹಿಡಿದೆತ್ತಿದರು. ಇಪ್ಪತ್ತು ವರ್ಷದ ವಕೀಲಿಯಲ್ಲಿ ನನ್ನ ವಿರುದ್ಧ ಅಷ್ಟು ಬಲವಾದ ಸಾಕ್ಷಿ ಯಾರೂ ಹಾಜರುಪಡಿಸಿದ್ದಿಲ್ಲ. ಹೊರಗಿನ ವಸ್ತು ಸೇರಿಸಿದ್ದಕ್ಕಾಗಿ ಗ್ಯಾರಂಟಿ ರದ್ದಾಯಿತು.

ನನ್ನ ಕೋಪ ನೆತ್ತಿಗೇರಿತು. ಗ್ಯಾರಂಟಿ ಇಲ್ಲದಿದ್ದರೆ ಕಂತೂ ಇಲ್ಲ ಎಂದು ಘೋಷಿಸಿ, ಎಡಬಾಗಿಲಿನವರಿಗೆ ಆರು ಪುಟದ ಒಂದು ಪತ್ರ ಬರೆದೆ. ಅವರು ಒಂದೇ ಸಾಲಿನ ಉತ್ತರ ಬರೆದರು: ಗ್ಯಾರಂಟಿಯ ವಿಷಯ ಪಕ್ಕದ ಬಾಗಿಲಲ್ಲಿ ಕೇಳಬೇಕು. ಕಾರು ಮಾರಿದವರು ಬೇರೆ, ಸಾಲ ಕೊಟ್ಟವರು ಬೇರೆ ಎಂಬುದು ಜವಾನನ ಚಾ ಕುಡಿಯುವಾಗ ನನಗೆ ಹೊಳೆದಿರಲಿಲ್ಲ. ಇರಲಿ, ನನ್ನ ಮೇಲೆ ದಾವೆ ಹಾಕಲಿ, ಅಲ್ಲಿ ಇವರಿಗೆ ತೋರಿಸುತ್ತೇನೆ ಎಂದು ಮೂರು ತಿಂಗಳು ಕಂತು ಕಟ್ಟಲಿಲ್ಲ. ಬಾರ್ ರೂಮಿನಲ್ಲಿ ಇದನ್ನು ತತ್ತ್ವದ ಹೋರಾಟ ಎಂದು ಕರೆಯುತ್ತಿದ್ದೆ. ನನ್ನ ಮೇಲೆ ಯಾರೂ ದಾವೆ ಹಾಕಲಿಲ್ಲ.

ಒಂದು ಸೋಮವಾರ ಮಮ್ಮುಂಞಿ ನಮ್ಮ ಜಗಲಿಗೆ ಬಂದರು. ಬೀಡಿ ಹಚ್ಚಲಿಲ್ಲ. ಅಂಗಿಯ ಜೇಬಿನಿಂದ ಬೆವರಿಗೆ ಮೆತ್ತಗಾದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟರು. "ಹತ್ತು ದಿನ ಆಯ್ತು ಬಂದು. ಪುತ್ತೂರಿಗೆ ಬರುವಾಗ ತೋರಿಸುವ ಅಂತ ಇಟ್ಟುಕೊಂಡಿದ್ದೆ. ಇದರಲ್ಲಿ ಎಂತ ಬರ್ದದ್ದು ಉಂಟು ವಕೀಲ್ರೆ?"

ಅದೇ ಪ್ರಶ್ನೆ. ಈ ಸಲ ನಾನು ಓದಿದೆ. ಸಾಲಗಾರ ಕಂತು ನಿಲ್ಲಿಸಿದ್ದರಿಂದ, ಜಾಮೀನುದಾರ ಹದಿನೈದು ದಿನದೊಳಗೆ ಬಾಕಿ ಕಟ್ಟದಿದ್ದರೆ, ಕರಾರಿನ ಹನ್ನೊಂದನೆಯ ಕಲಮಿನಂತೆ ಅವನ ಲಾರಿಯನ್ನು ವಶಪಡಿಸಿಕೊಳ್ಳುತ್ತೇವೆ ಎಂದಿತ್ತು. ಹನ್ನೊಂದನೆಯ ಕಲಮು ನಾನು ಮಾಮೂಲಿ ಎಂದ ಕಾಗದದ ಮೂರನೆಯ ಪುಟದಲ್ಲಿತ್ತು. ಮರ ಸಾಗಿಸುವ ಕಾಲ ಅದು. ಆ ನಾಲ್ಕು ತಿಂಗಳು ಲಾರಿ ಓಡಿದ್ದರಲ್ಲೇ ಅವರ ಮನೆಯ ಎಂಟು ಜನ ವರ್ಷವಿಡೀ ಉಣ್ಣಬೇಕು. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಹೇಳುವಾಗ ನನಗೆ ಆದ ನಾಚಿಕೆಯನ್ನು ಇಲ್ಲಿ ತಮಾಷೆ ಮಾಡಿ ಬರೆಯಲು ನೋಡಿದೆ, ಆಗುತ್ತಿಲ್ಲ. ತಲೆ ಎತ್ತದೆ, "ಇಂಥ ಕಾರಿಗೆ ನಿಮ್ಮನ್ನು ಜಾಮೀನು ಹಾಕಿಸಿದೆನಲ್ಲ" ಎಂದೆ.

"ನಾನು ಕಾರಿಗೆ ಜಾಮೀನು ಹಾಕಿದ್ದಲ್ಲ ವಕೀಲ್ರೆ, ನಿಮಗೆ ಹಾಕಿದ್ದು" ಎಂದರು ಅವರು. ಅಂಗಳದಲ್ಲಿದ್ದ ಕಾರಿನ ಕಡೆ ಕೈ ತೋರಿಸಿದರು. "ಅದು ದಾರಿಯಲ್ಲಿ ಕೈಕೊಡ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ನೀವು ಕೊಡ್ತೀರಿ ಅಂತ ಗೊತ್ತಿರ್ಲಿಲ್ಲ."

ಸಾವಿತ್ರಿ ಬಾಗಿಲ ಮರೆಯಲ್ಲಿದ್ದಳು. ಹಿತ್ತಿಲಲ್ಲಿ ಬಾವಿ ತೋಡಿಸಲೆಂದು ಎರಡು ವರ್ಷದಿಂದ ಅವಳು ಎತ್ತಿಟ್ಟ ಹಣವನ್ನು ತಂದು ಜಗಲಿಯ ಮೇಲಿಟ್ಟಳು. ನಾನು ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಾಕಿಯನ್ನೆಲ್ಲ ಕಟ್ಟಿ, ರಸೀದಿಯನ್ನು ಸವಣೂರಿಗೆ ಮುಟ್ಟಿಸಿಯೇ ಮನೆಗೆ ಬಂದೆ. ಆ ಬೇಸಿಗೆಯೂ ಅವಳು ನೀರಿಗೆ ನೆರೆಮನೆಯ ಬಾವಿಗೇ ಹೋದಳು. ಹಿಂದೆ ಅವಳಿಗೆ ಕಾನೂನು ಗೊತ್ತಾಗುವುದಿಲ್ಲ ಎಂದಿದ್ದೆನಲ್ಲ, ಆ ಮಾತನ್ನು ಆಮೇಲೆ ಎಂದೂ ಆಡಿಲ್ಲ.

ರಸೀದಿ ಮುಟ್ಟಿಸಿದ ಮರುದಿನ ಮಮ್ಮುಂಞಿ ಸ್ಪ್ಯಾನರು ಹಿಡಿದು ಬಂದರು. "ಈಗ ಮುಟ್ಟಬಹುದಲ್ವಾ?" ಎಂದು ಕೇಳಿದರು. ಗ್ಯಾರಂಟಿ ಸತ್ತುಹೋಗಿತ್ತು, ಮುಟ್ಟಲು ಯಾವ ಮೈಲಿಗೆಯೂ ಇರಲಿಲ್ಲ. ಪೈಪನ್ನು ನಾಲ್ಕು ಬೆರಳು ಆಚೆಗೆ ಸರಿಸಿ, ನಮ್ಮ ಅಡಿಗೆಮನೆಯ ಬಿಸ್ಕೆಟ್ ಡಬ್ಬದ ಮುಚ್ಚಳವನ್ನು ಕತ್ತರಿಸಿ ನಡುವೆ ಮರೆ ಕಟ್ಟಿ, ಎಂಜಿನಿಗೆ ಪೆಟ್ರೋಲ್ ಎಳೆಯುವ ಪಂಪಿನ ಮೇಲೊಂದು ಒದ್ದೆಬಟ್ಟೆ ಸುತ್ತಿದರು. ಹತ್ತು ನಿಮಿಷ ಎಂದು ಅವರು ಹೇಳಿದ್ದು ತಪ್ಪು. ಚಾ ಕುಡಿದದ್ದೂ ಸೇರಿ ಹದಿನೆಂಟು ನಿಮಿಷವಾಯಿತು. ಅದಾಗಿ ಎಷ್ಟೋ ವರ್ಷ ಕಳೆದವು. ಆ ಕಾರು ಸುಳ್ಯ, ಕಡಬ, ಮಡಿಕೇರಿ ಘಾಟಿ ಎಲ್ಲ ಹತ್ತಿ ಇಳಿದಿದೆ, ಜಂಗಲ್ ಏರಿ ಹೊಳೆ ದಾಟಿದೆ. ಬೂದಿಯ ಡಬ್ಬಿ ಒಂದು ಕಿತ್ತುಹೋಯಿತು, ಬಿಟ್ಟರೆ ಮತ್ತೆ ದೂರಿಲ್ಲ.

ಹಾಗಾದರೆ ಡಾಕ್ಟರಿಗೆ ನಾನು ಏನು ಹೇಳಬೇಕಿತ್ತು? ಸಂಶಯವಿರುವ ಕಾರಿಗೆ ಗ್ಯಾರಂಟಿಯ ಬಲದಿಂದ ಸಾಲ ಮಾಡಬೇಡಿ ಎಂದು ಹೇಳಬಹುದಿತ್ತು. ಗ್ಯಾರಂಟಿ ಹೆಚ್ಚೆಂದರೆ ಒಂದು ವರ್ಷ, ಕಂತು ಮೂರು ವರ್ಷ, ಇಷ್ಟು ಕೂಡುಕಳೆ ಯಾವ ಡಾಕ್ಟರಿಗೂ ಬರುತ್ತದೆ. ಆದರೆ ಕಾರು ಬೇಕೆಂದು ನಿಶ್ಚಯಿಸಿದವನು ಸಲಹೆ ಕೇಳುವುದು, ಬೇಡವೆಂದು ಹೇಳಿಸಿಕೊಳ್ಳಲಿಕ್ಕಲ್ಲ ಎಂಬುದೂ ನನಗೆ ಗೊತ್ತು. ನಿಮಗಾಗಿ ಸಹಿ ಹಾಕುವವನು ಯಾರು, ಅವನ ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಮಾತ್ರ ಕೇಳಬೇಕಿತ್ತು. ಅವರು ಗಡಿಯಾರ ನೋಡಿ ಎದ್ದುಬಿಟ್ಟರು.

ಅವರು ಹೋದ ಎರಡನೆಯ ದಿನ ಮಮ್ಮುಂಞಿ ಬಂದರು. ಯುದ್ಧಕಾಲದ ಲಾರಿ ಕೊನೆಗೂ ಏಳದಂತೆ ಮಲಗಿದೆ, ಹೊಸ ಲಾರಿ ಕಂತಿಗೆ ತೆಗೆಯುತ್ತಿದ್ದಾರೆ, ಜಾಮೀನಿಗೆ ನನ್ನ ಸಹಿ ಬೇಕು. ನಾನು ಕಾಗದವನ್ನು ಕೈಗೆತ್ತಿಕೊಂಡೆ. ಮೊದಲಿನಿಂದ ಕೊನೆಯವರೆಗೆ ಒಂದೊಂದು ಕಲಮನ್ನೂ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ, ತುಳುವಿನಲ್ಲಿ ಮತ್ತೊಮ್ಮೆ ಹೇಳಿದೆ. ಹನ್ನೊಂದನೆಯದನ್ನು ಎರಡು ಸಲ ಓದಿದೆ. ಅಷ್ಟರಲ್ಲಿ ಅವರಿಗೆ ಕಂಬಕ್ಕೊರಗಿ ಒಂದು ನಿದ್ದೆ ಆಗಿತ್ತು.

"ಓದಿ ಆಯ್ತಾ?"

"ಆಯ್ತು ಸಾಹೇಬ್ರೆ. ಲಾರಿ ಹೇಗೆ?"

"ಎಲ್ಲ ಲಾರಿಯೂ ಒಂದು ದಿನ ಹಾಳಾಗುದೇ."

"ಇದಕ್ಕೆ ಗ್ಯಾರಂಟಿ?"

"ಒಂದು ವರ್ಷ ಉಂಟು" ಎಂದು ಅವರು ನಿಟ್ಟುಸಿರು ಬಿಟ್ಟರು. "ಅದೊಂದು ವರ್ಷ ಹೇಗಾದ್ರೂ ಸುಧಾರಿಸಿದ್ರೆ ಆಯ್ತು ವಕೀಲ್ರೆ. ಮತ್ತೆ ನಾನೇ ರಿಪೇರಿ ಮಾಡಿಕೊಳ್ತೇನೆ."

ನಾನು ಸಹಿ ಹಾಕಿದೆ. ಶಾಯಿ ಒಣಗಲು ಊದುತ್ತ ಅವರಿಗೆ ಧೈರ್ಯ ಹೇಳಿದೆ. "ಅಷ್ಟು ದಿನ ಕಾಯಲಿಕ್ಕೆ ಆಗದಿದ್ದರೆ ಹೇಳಿ ಕಳುಹಿಸಿ ಮಾರಾಯ್ರೆ. ಕರ್ಪೂರ ನಮ್ಮ ಮನೆಯಲ್ಲಿ ಯಾವಾಗಲೂ ಉಂಟು."